ಮನೆಯಲ್ಲಿರಿ ಎನ್ನುವವರು ಮನೆಖರ್ಚಿನ ಮಾತನ್ನೂ ಆಡಲಿ: ಕರ್ನಾಟಕದ ಸಂಸದರಿಗೊಂದು ಬಹಿರಂಗ ಪತ್ರ

ಕರ್ನಾಟಕದ 28 ಲೋಕಸಭಾ ಸದಸ್ಯರಿಗೆ ಮತ್ತು 12 ರಾಜ್ಯಸಭಾ ಸದಸ್ಯರಿಗೆ,

ಮಾನ್ಯರೇ,

ನಮಸ್ಕಾರ. ಪಕ್ಷ ಯಾವುದೇ ಇರಲಿ, ನಿಮ್ಮ ನಲವತ್ತು ಮಂದಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ವಿಷಯ ಕೋವಿಡ್. ಮುಗಿದ ಕಥೆಯನ್ನು ಈಗ್ಯಾಕೆ ಕೆದಕುತ್ತಾನೆ ಈ ಮೇಷ್ಟ್ರು ಅಂತ ಅನ್ನಿಸಬಹುದು. ನಿಮ್ಮ ಕೈಯಲ್ಲಿ ಆಗಬೇಕಾದ ಒಂದು ಕೆಲಸ ಬಾಕಿ ಇದೆ, ಅದಕ್ಕೆ.

ಸಾಂಕ್ರಾಮಿಕ ರೋಗ ಬಂದಾಗ ನಮ್ಮ ಸರ್ಕಾರಗಳು ಮೊದಲು ಕೈಗೆತ್ತಿಕೊಳ್ಳುವುದು 1897ರ ಕಾಯ್ದೆಯನ್ನು. ಮುಂಬೈಯಲ್ಲಿ ಪ್ಲೇಗ್ ಹಬ್ಬಿದಾಗ ಬ್ರಿಟಿಷರು ಅವಸರದಲ್ಲಿ ಮಾಡಿದ ಕಾಯ್ದೆ ಅದು. ಮೂಲದಲ್ಲಿದ್ದದ್ದು ನಾಲ್ಕೇ ಕಲಮು, ಚಹಾ ಆರುವುದರೊಳಗೆ ಓದಿ ಮುಗಿಸಬಹುದು. ಸರ್ಕಾರ ತನಗೆ ಸರಿ ಕಂಡ ಕ್ರಮ ಕೈಗೊಳ್ಳಬಹುದು, ಮೀರಿದವರಿಗೆ ಶಿಕ್ಷೆ, ಆದೇಶ ಕೊಟ್ಟವರ ಮೇಲೆ ದಾವೆ ಹೂಡುವಂತಿಲ್ಲ. ಜನರಿಗೆ ಸರ್ಕಾರ ಏನು ಕೊಡಲೇಬೇಕು ಎಂಬ ಕಟ್ಟುಪಾಡು ಅದರಲ್ಲಿಲ್ಲ. 2020ರಲ್ಲಿ ಇದರ ಜೊತೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ನೂ ಸೇರಿಸಿಕೊಂಡು ಇಡೀ ದೇಶಕ್ಕೆ ಬೀಗ ಹಾಕಿದರು.

ಈ ಹಳೇ ಕಾಯ್ದೆ ಸಾಲದು ಎಂದು ಕಾನೂನು ಆಯೋಗ 2024ರ ಫೆಬ್ರವರಿಯಲ್ಲಿ ತನ್ನ 286ನೇ ವರದಿಯಲ್ಲಿ ಹೇಳಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನೀತಿ ಆಯೋಗದ ತಜ್ಞರ ತಂಡ, ರೋಗ ಕಾಣಿಸಿಕೊಂಡ ಮೊದಲ 100 ದಿನ ಏನು ಮಾಡಬೇಕೆಂಬ ಬಗ್ಗೆ ವರದಿ ಕೊಟ್ಟು, ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿಗೆ ಬೇರೆಯದೇ ಕಾಯ್ದೆ ಬೇಕು ಎಂದಿತು. ಇವತ್ತಲ್ಲ ನಾಳೆ ಅಂಥದೊಂದು ಮಸೂದೆ ನಿಮ್ಮ ಮೇಜಿಗೆ ಬರುತ್ತದೆ. ಅದರಲ್ಲಿ ಅಧಿಕಾರದ ಕಲಮುಗಳು ಧಾರಾಳವಾಗಿರುತ್ತವೆ, ಆ ಬಗ್ಗೆ ನನಗೆ ಚಿಂತೆಯಿಲ್ಲ. ಖರ್ಚಿನ ಕಲಮು, ಉತ್ತರ ಕೊಡುವ ಕಲಮು ಇರುತ್ತವೆಯೋ ಇಲ್ಲವೋ ಎಂಬುದೇ ನನ್ನ ಚಿಂತೆ. ಬೇರೆ ಬೇರೆ ದೇಶಗಳು ಆ ಎರಡು ವರ್ಷ ನಡೆದುಕೊಂಡ ರೀತಿಯನ್ನು ಓದುತ್ತಾ ಹೋದಂತೆ ನನಗೆ ಕಂಡ ವ್ಯತ್ಯಾಸ ಇಷ್ಟು: ಬಾಗಿಲು ಹಾಕುವ ಅಧಿಕಾರ ಹೆಚ್ಚುಕಡಿಮೆ ಎಲ್ಲರಿಗೂ ಇತ್ತು. ಹಾಕಿದ ಬಾಗಿಲಿನ ಖರ್ಚನ್ನು ಯಾರ ತಲೆಗೆ ಕಟ್ಟಿದರು, ಆಮೇಲೆ ಯಾರೆದುರು ಲೆಕ್ಕ ಒಪ್ಪಿಸಿದರು ಎಂಬಲ್ಲಿ ದಾರಿಗಳು ಬೇರೆಯಾದವು.

ಬಿಗಿಯ ವಿಷಯದಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಆಗ ಜಗತ್ತಿನ ಸರ್ಕಾರಗಳ ನಿರ್ಬಂಧ ಎಷ್ಟು ಬಿಗಿ ಎಂದು ದಿನಾ ಅಂಕ ಹಾಕುತ್ತಿದ್ದರು. ಮೊದಲ ಲಾಕ್‌ಡೌನ್‌ಗೆ ಭಾರತಕ್ಕೆ ಸಿಕ್ಕಿದ್ದು 100ಕ್ಕೆ 100. ಜೀವನವಿಡೀ ಉತ್ತರ ಪತ್ರಿಕೆ ತಿದ್ದಿದವನಾಗಿ ಹೇಳುತ್ತೇನೆ, ನೂರಕ್ಕೆ ನೂರು ಕೊಟ್ಟಾಗ ಒಮ್ಮೆ ಪ್ರಶ್ನೆಪತ್ರಿಕೆಯನ್ನೂ ತಿರುವಿ ನೋಡಬೇಕು.

2020ರ ಮಾರ್ಚ್ 24, ಮಂಗಳವಾರ. ರಾತ್ರಿ 8 ಗಂಟೆಗೆ ಪ್ರಧಾನಿ ಟಿ.ವಿ.ಯಲ್ಲಿ ಮಾತನಾಡಿದರು, 12ಕ್ಕೆ ದೇಶ ಬಂದ್. ಮಾರನೆಯ ದಿನ ಯುಗಾದಿ. ಬೆಂಗಳೂರಿನ ಕಟ್ಟಡ ಕೆಲಸಗಳಲ್ಲಿ ಬಟವಾಡೆ ನಡೆಯುವುದು ವಾರದ ಕೊನೆಗೆ. ಮಂಗಳವಾರ ರಾತ್ರಿ ಕೂಲಿಯವರ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಸಂಸದರಾದ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹಬ್ಬಕ್ಕೆ ಊರಿಗೆ ಹೋದವರು ಬಚಾವಾದರು. ಉಳಿದವರಿಗೆ ಸಿಕ್ಕಿದ್ದು ನಾಲ್ಕು ಗಂಟೆ.

ವುಹಾನ್ ನಗರವನ್ನು ಮುಚ್ಚಿದಾಗ ಚೀನಾ ಕೊಟ್ಟದ್ದು ಎಂಟು ಗಂಟೆ, ಅದೂ ನಡುರಾತ್ರಿ 2ಕ್ಕೆ ಹೇಳಿ ಬೆಳಿಗ್ಗೆ 10ಕ್ಕೆ ಮುಚ್ಚಿದರು. ಅದು ಒಂದು ನಗರ. ದಕ್ಷಿಣ ಆಫ್ರಿಕಾ ಇಡೀ ದೇಶಕ್ಕೆ ಮೂರು ದಿನ ಕೊಟ್ಟಿತು. (ಆಮೇಲೆ ಸಿಗರೇಟು ಮಾರಾಟವನ್ನೂ ನಿಷೇಧಿಸಿ ಕೋರ್ಟಿನಲ್ಲಿ ಸೋತಿತು, ಆ ಮಾತು ಬೇರೆ.) ನ್ಯೂಜಿಲೆಂಡ್ ಮಾರ್ಚ್ 21ರಂದು ನಾಲ್ಕು ಹಂತಗಳ ಎಚ್ಚರಿಕೆ ವ್ಯವಸ್ಥೆಯನ್ನು ಜನರ ಮುಂದಿಟ್ಟಿತು. ಯಾವ ಹಂತದಲ್ಲಿ ಏನು ತೆರೆದಿರುತ್ತದೆ, ಏನು ಮುಚ್ಚುತ್ತದೆ ಎಂದು ಒಂದು ಹಾಳೆಯಲ್ಲಿ ತಿಳಿಸಿತು. 23ರಂದು ಮೂರನೇ ಹಂತ, ಎರಡು ದಿನ ಬಿಟ್ಟು ನಾಲ್ಕನೆಯದು. ಜನ ಊರು ಸೇರಿಕೊಳ್ಳಲು, ಸಾಮಾನು ತಂದಿಟ್ಟುಕೊಳ್ಳಲು, ಮುದಿ ತಂದೆತಾಯಿಯನ್ನು ಯಾರ ಬಳಿ ಬಿಡುವುದೆಂದು ಯೋಚಿಸಲು 48 ಗಂಟೆ ಸಿಕ್ಕಿತು. ಅದರ ಜೊತೆಗೇ ಕೂಲಿ ಸಹಾಯಧನವೂ ಬಂತು. ಪೂರ್ಣಾವಧಿ ಕೆಲಸಗಾರನಿಗೆ ವಾರಕ್ಕೆ 585.80 ನ್ಯೂಜಿಲೆಂಡ್ ಡಾಲರ್, ಮಾಲೀಕನ ಮೂಲಕ.

ನಮ್ಮಲ್ಲಿ ಕೂಲಿಯ ಬಗ್ಗೆ ಏನೂ ಹೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾರ್ಚ್ 29ರಂದು ಗೃಹ ಸಚಿವಾಲಯ ಆದೇಶ ಹೊರಡಿಸಿ, ಲಾಕ್‌ಡೌನ್ ಅವಧಿಯ ಪೂರ್ತಿ ಸಂಬಳವನ್ನು ಮಾಲೀಕರೇ ಕೊಡಬೇಕು ಎಂದಿತು. ಸರ್ಕಾರದ ಬೊಕ್ಕಸದಿಂದ ಅದಕ್ಕೆ ಒಂದು ಪೈಸೆಯಿಲ್ಲ. ಸಣ್ಣ ಕಾರ್ಖಾನೆಯವರು ಕೋರ್ಟಿಗೆ ಹೋದರು. ಮೇ 18ರ ಹೊತ್ತಿಗೆ ಆ ಆದೇಶ ಬಿದ್ದುಹೋಯಿತು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಇಬ್ಬರೂ ಕೂತು ಮಾತಾಡಿಕೊಳ್ಳಿ ಎಂದಿತು. ಮೇಸ್ತ್ರಿಯ ಮೂಲಕ ಕೆಲಸಕ್ಕೆ ಬಂದವನು ಯಾರ ಜೊತೆ ಕೂತು ಮಾತಾಡಬೇಕು? ಅವನಿಗೆ ಮಾಲೀಕನ ಹೆಸರೇ ಗೊತ್ತಿರುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಾನು ರಾಯಚೂರು ಜಿಲ್ಲೆಯವನು. ನಮ್ಮ ಕಡೆ ಗುಳೆ ಹೋಗುವುದು ಕೃಷಿಯಷ್ಟೇ ಹಳೇ ಕಸುಬು. ಸುಗ್ಗಿ ಮುಗಿದರೆ ಗಂಟುಮೂಟೆ ಕಟ್ಟಿ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ವಾಪಸು ಬಂದವರನ್ನು ಇರಿಸಲು ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯನ್ನೂ ಕ್ವಾರಂಟೈನ್ ಕೇಂದ್ರ ಮಾಡಿದ್ದರು. ಬೆಂಚುಗಳನ್ನು ವರಾಂಡದಲ್ಲಿ ಪೇರಿಸಿ, ತರಗತಿಗಳಲ್ಲಿ ಚಾಪೆ ಹಾಸಿದ್ದೆವು. ರಿಜಿಸ್ಟರ್ ಬರೆಯುವ ಕೆಲಸ ಮೇಷ್ಟ್ರುಗಳದ್ದು. ಕ್ರಮಸಂಖ್ಯೆ, ಹೆಸರು, ವಯಸ್ಸು, ಊರು, ಎಲ್ಲಿಂದ ಬಂದರು, ಮೊಬೈಲ್ ನಂಬರು, ಜ್ವರ ಇದೆಯೇ, ಕೆಮ್ಮು ಇದೆಯೇ, ಕೊನೆಗೆ ಷರಾ.

ಜ್ವರ ಕೇಳಿದರೆ ಜನ ಬಾಕಿ ಹೇಳುತ್ತಿದ್ದರು. ಮೇಸ್ತ್ರಿ ಎರಡು ವಾರದ ಪಗಾರ ಕೊಟ್ಟಿಲ್ಲ. ಮಾಲೀಕ ಫೋನ್ ಎತ್ತುತ್ತಿಲ್ಲ. ಮುಂಗಡ ತಗೊಂಡಿದ್ದೆ, ಅದಕ್ಕೆ ಆಧಾರ್ ಕಾರ್ಡ್ ಇಟ್ಟುಕೊಂಡಿದ್ದಾರೆ. ಒಬ್ಬ ಹೆಂಗಸು ತನ್ನ ಅಡುಗೆ ಪಾತ್ರೆ, ಗ್ಯಾಸ್ ಸ್ಟವ್ ಎಲ್ಲಾ ಶೆಡ್ಡಿನಲ್ಲೇ ಉಳಿದವು, ಅದನ್ನೂ ಬರೆದುಕೊಳ್ರಿ ಸರ್ ಎಂದಳು. ಬರೆದುಕೊಂಡೆ. ಬೇರೆ ಕಾಲಮ್ ಇರಲಿಲ್ಲವಾಗಿ ಎಲ್ಲವನ್ನೂ ಷರಾದಲ್ಲೇ ತುಂಬಿದೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಪುಟ ತಿರುವಿ, ಷರಾದಲ್ಲಿ ರೋಗಲಕ್ಷಣ ಮಾತ್ರ ಬರೀರಿ ಮೇಷ್ಟ್ರೇ, ಇದನ್ನೆಲ್ಲ ಕಂಪ್ಯೂಟರಿಗೆ ಏರಿಸೋಕೆ ಬರಲ್ಲ ಎಂದರು. ಪಾಪ, ಅವರದೂ ತಪ್ಪಲ್ಲ. ದೆಹಲಿಯಿಂದ ಬಂದ ನಮೂನೆಯಲ್ಲೇ ಆ ಕಾಲಮ್ ಇರಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ವಲಸೆ ಕಾರ್ಮಿಕರು ಎಷ್ಟು ಮಂದಿ ಸತ್ತರು ಎಂದು ಕೇಳಿದಾಗ, ಅಂಥ ಮಾಹಿತಿ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಲಿಖಿತವಾಗಿ ಉತ್ತರಿಸಿತು. ನಮ್ಮ ಶಾಲೆಯ ರಿಜಿಸ್ಟರ್ ನೋಡಿದ್ದ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ನಮ್ಮ ರಾಜ್ಯವೂ ಕಡಿಮೆಯೇನಲ್ಲ. 2020ರ ಮೇ ಮೊದಲ ವಾರ. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟ 2,000 ರೂಪಾಯಿಯ ಮೇಲೆ ಇನ್ನೂ 3,000 ಕೊಡುತ್ತೇವೆ ಎಂದು ಘೋಷಿಸಿದ ಸರ್ಕಾರ, ಅದೇ ವಾರ ಬಿಲ್ಡರ್‌ಗಳ ಜೊತೆ ಸಭೆ ನಡೆಸಿ, ಹೊರರಾಜ್ಯದ ಕಾರ್ಮಿಕರು ಊರಿಗೆ ಹೋಗಬೇಕಿದ್ದ ಶ್ರಮಿಕ ರೈಲುಗಳು ಬೇಡ ಎಂದು ರೈಲ್ವೆಗೆ ಪತ್ರ ಬರೆಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಪತ್ರ ವಾಪಸಾಯಿತು. ಒಂದು ಕೈಯಲ್ಲಿ ದುಡ್ಡು, ಇನ್ನೊಂದು ಕೈಯಲ್ಲಿ ಬೀಗ.

ಈಗ ಪೆರು ದೇಶದ ಮಾತು. ನಮ್ಮ ಪತ್ರಿಕೆಗಳಲ್ಲಿ ಇದರ ಸುದ್ದಿ ಹೆಚ್ಚು ಬರಲಿಲ್ಲ, ಆದರೆ ನಮ್ಮ ಕಾಯ್ದೆ ಬರೆಯುವವರು ಓದಲೇಬೇಕಾದ ಪಾಠ ಇರುವುದು ಅಲ್ಲೇ. ದಕ್ಷಿಣ ಅಮೆರಿಕದಲ್ಲಿ ಎಲ್ಲರಿಗಿಂತ ಮೊದಲು ಎಚ್ಚೆತ್ತವರಲ್ಲಿ ಪೆರು ಒಂದು. 2020ರ ಮಾರ್ಚ್ 16ಕ್ಕೇ ಲಾಕ್‌ಡೌನ್, ಬೀದಿಗೆ ಸೈನ್ಯ, ರಾತ್ರಿ ಕರ್ಫ್ಯೂ, ಗಡಿ ಬಂದ್. ಜಗತ್ತು ಶಹಬ್ಬಾಸ್ ಎಂದಿತು. ಬಡವರಿಗೆಂದು 380 ಸೋಲ್ ನಗದು ಸಹಾಯವನ್ನೂ ಬೇಗನೆ ಘೋಷಿಸಿದರು. ಕಾಗದದ ಮೇಲೆ ಯಾವ ಕೊರತೆಯೂ ಇರಲಿಲ್ಲ.

ಎಡವಿದ್ದು ಎಲ್ಲಿ? ಪೆರುವಿನಲ್ಲಿ ದುಡಿಯುವವರ ಪೈಕಿ ಸುಮಾರು 70% ಜನ ಅಸಂಘಟಿತ ವಲಯದವರು, ಅಂದಿನ ಗಳಿಕೆ ಅಂದಿಗೆ. ಬಹಳ ಜನರಿಗೆ ಬ್ಯಾಂಕ್ ಖಾತೆ ಇರಲಿಲ್ಲ, ಹಾಗಾಗಿ ಸಹಾಯಧನ ಪಡೆಯಲು ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತರು. ರೋಗ ಹಬ್ಬದಿರಲಿ ಎಂದು ಕೊಟ್ಟ ದುಡ್ಡೇ ಜನರನ್ನು ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲುವಂತೆ ಮಾಡಿತು. ಅರ್ಧದಷ್ಟು ಮನೆಗಳಲ್ಲಿ ಫ್ರಿಜ್ ಇರಲಿಲ್ಲ. ವಾರಕ್ಕಾಗುವಷ್ಟು ತಂದಿಟ್ಟುಕೊಳ್ಳಿ ಎಂದರೆ ಎಲ್ಲಿಡಬೇಕು? ಜನ ಮತ್ತೆ ಮತ್ತೆ ಮಾರ್ಕೆಟ್ಟಿಗೆ ಹೋದರು, ಲಿಮಾ ನಗರದ ಮಾರ್ಕೆಟ್ಟುಗಳೇ ಸೋಂಕಿನ ಕೇಂದ್ರಗಳಾದವು. ಏಪ್ರಿಲ್‌ನಲ್ಲಿ ಸಾವಿರಾರು ಜನ ಲಿಮಾದಿಂದ ಆಂಡಿಸ್ ಬೆಟ್ಟಗಳ ಕಡೆಯ ತಮ್ಮ ಊರುಗಳಿಗೆ ಹೆದ್ದಾರಿ ಹಿಡಿದು ನಡೆದರು, ಮಕ್ಕಳನ್ನು ಹೊತ್ತುಕೊಂಡು. ನಮ್ಮವರು ತುಮಕೂರು ರಸ್ತೆಯಲ್ಲಿ ನಡೆದ ದಿನಗಳವು. ಕೊನೆಗೆ ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಕೋವಿಡ್ ಸಾವು ಕಂಡ ದೇಶ ಪೆರು ಎನಿಸಿಕೊಂಡಿತು. ಯುರೋಪಿನ ಮನೆಗಳನ್ನು ಲೆಕ್ಕದಲ್ಲಿಟ್ಟುಕೊಂಡು ಮಾಡಿದ ನಿಯಮ ಲಿಮಾದ ಕೊಳೆಗೇರಿಯ ಅಡುಗೆಮನೆಗೆ ಒಗ್ಗಲಿಲ್ಲ.

ಆದರೂ ಪೆರು ಒಂದು ಕೆಲಸ ಮಾಡಿತು, ನಾವಿನ್ನೂ ಮಾಡಿಲ್ಲದ್ದು. ಸಾವಿನ ಲೆಕ್ಕ ಸರಿಯಿಲ್ಲ ಎಂಬ ಮಾತು ಎದ್ದಾಗ ತಜ್ಞರ ತಂಡ ನೇಮಿಸಿ ಮರಣ ದಾಖಲೆಗಳನ್ನು ಮತ್ತೆ ತೆಗೆಸಿತು. 2021ರ ಮೇ 31ರಂದು ಅಲ್ಲಿನ ಪ್ರಧಾನಿ ಎಲ್ಲರ ಮುಂದೆ ಹೇಳಿದರು: ಇದುವರೆಗೆ ನಾವು ಕೊಟ್ಟ ಸಂಖ್ಯೆ 69 ಸಾವಿರ ಚಿಲ್ಲರೆ, ನಿಜವಾದದ್ದು 1,80,764. ಎರಡೂವರೆ ಪಟ್ಟಿಗೂ ಹೆಚ್ಚು! ಯಾವ ಸರ್ಕಾರಕ್ಕೆ ಇದು ಸಂತೋಷದ ಸುದ್ದಿ?

ನಮ್ಮಲ್ಲಿ? ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ, ಭಾರತದಲ್ಲಿ 2020 ಮತ್ತು 2021ರಲ್ಲಿ ಮಾಮೂಲಿಗಿಂತ ಸುಮಾರು 47 ಲಕ್ಷ ಹೆಚ್ಚು ಸಾವುಗಳಾದವು ಎಂದು ಅಂದಾಜಿಸಿತು. 2021ರ ಕೊನೆಗೆ ಸರ್ಕಾರದ ಲೆಕ್ಕದಲ್ಲಿದ್ದ ಕೋವಿಡ್ ಸಾವುಗಳು 4.81 ಲಕ್ಷ. ಲೆಕ್ಕ ಹಾಕಿದ ವಿಧಾನವೇ ತಪ್ಪು ಎಂದು ಸರ್ಕಾರ ಆಕ್ಷೇಪಿಸಿತು. ಆಕ್ಷೇಪಿಸುವ ಹಕ್ಕಿದೆ, ಅಂದಾಜು ಅಂದಾಜೇ. ಆದರೆ ಅದಕ್ಕೆದುರಾಗಿ ನಮ್ಮದೇ ನಾಗರಿಕ ನೋಂದಣಿಯ 2021ರ ಲೆಕ್ಕವನ್ನು ಇಡಬೇಕಿತ್ತಲ್ಲ? ಅದು ಹೊರಬಂದದ್ದು 2025ರ ಮೇ ತಿಂಗಳಲ್ಲಿ. 2020ರಲ್ಲಿ ಸುಮಾರು 81 ಲಕ್ಷ ಸಾವು ನೋಂದಣಿಯಾಗಿದ್ದರೆ 2021ರಲ್ಲಿ ಸುಮಾರು 1.02 ಕೋಟಿ. ಈ ಹೆಚ್ಚಳವೆಲ್ಲ ಕೋವಿಡ್ಡಿನದ್ದೇ ಎಂದು ನಾನು ಹೇಳುತ್ತಿಲ್ಲ, ನೋಂದಣಿ ಸುಧಾರಿಸಿದ್ದೂ ಇರಬಹುದು. ಅದನ್ನು ಬಿಡಿಸಿ ಹೇಳುವವರು ಯಾರು ಎಂಬುದು ಪ್ರಶ್ನೆ. ಇದು ಬರೀ ಅಂಕಿಸಂಖ್ಯೆಯ ಜಗಳವೂ ಅಲ್ಲ. ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ಬಂತು. ಮರಣ ಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಒಂದು ಮನೆಯ ದುಡ್ಡು ನಿಂತಿತ್ತು. ಗುಜರಾತಿನಲ್ಲಿ ಪರಿಹಾರ ಪಡೆದ ಕುಟುಂಬಗಳ ಸಂಖ್ಯೆ ಸರ್ಕಾರ ಹೇಳಿದ ಸಾವಿನ ಸಂಖ್ಯೆಯನ್ನೇ ದಾಟಿಹೋಯಿತು.

ನ್ಯೂಜಿಲೆಂಡ್ ಅರ್ಧ ಬೆಂಗಳೂರಿನಷ್ಟೂ ಜನರಿಲ್ಲದ ಶ್ರೀಮಂತ ದೇಶ, ಅದನ್ನು ತೋರಿಸಿ ನಮಗೆ ಬುದ್ಧಿ ಹೇಳಬೇಡಿ ಎಂದು ನಿಮ್ಮಲ್ಲಿ ಕೆಲವರು ಅನ್ನಬಹುದು. ಒಪ್ಪಿದೆ. ಹಾಗಾದರೆ ಬ್ರೆಜಿಲ್ ನೋಡಿ. ನಮ್ಮ ಹಾಗೇ ದೊಡ್ಡ ದೇಶ, ನಮ್ಮ ಹಾಗೇ ಬಡವ ಬಲ್ಲಿದರ ನಡುವೆ ಆಕಾಶ ಭೂಮಿ ಅಂತರ. ಅಲ್ಲಿನ ಅಧ್ಯಕ್ಷ ಬೊಲ್ಸೊನಾರೊ ಈ ರೋಗವನ್ನು ಸಣ್ಣ ಫ್ಲೂ ಎಂದು ತಳ್ಳಿಹಾಕಿದ ಮನುಷ್ಯ. ಅಂಥವರ ಆಳ್ವಿಕೆಯಲ್ಲೂ ಸುಮಾರು 6.7 ಕೋಟಿ ಜನರಿಗೆ ತಿಂಗಳಿಗೆ 600 ರಿಯಾಲ್ ನಗದು ತಲುಪಿತು. ಹೇಗೆ? ಸರ್ಕಾರ ಮೊದಲು 200 ಕೊಡುತ್ತೇವೆ ಎಂದಿತ್ತು. ಅಲ್ಲಿನ ಸಂಸತ್ತು ಸದಸ್ಯರು ಮನೆಯಿಂದಲೇ ಆನ್‌ಲೈನ್ ಕಲಾಪ ನಡೆಸುತ್ತಿದ್ದರು. ಅವರು ಪಟ್ಟು ಹಿಡಿದು ಏರಿಸಿದರು. ಸಂಸತ್ತು ಕೂತಿತ್ತು, ಹಾಗಾಗಿ ಮೊತ್ತ ಮೂರು ಪಟ್ಟಾಯಿತು.

ನಿಮ್ಮ ಸಂಸತ್ತು 2020ರ ಮಾರ್ಚ್ 23ಕ್ಕೆ ಮುಂದೂಡಿ ಹೋದದ್ದು ಮತ್ತೆ ಸೇರಿದ್ದು ಸೆಪ್ಟೆಂಬರ್ 14ಕ್ಕೆ, ಅದೂ ಪ್ರಶ್ನೋತ್ತರ ಅವಧಿಯಿಲ್ಲದೆ. ಚಳಿಗಾಲದ ಅಧಿವೇಶನ ನಡೆಯಲೇ ಇಲ್ಲ. ಸ್ಥಾಯಿ ಸಮಿತಿಗಳಿಗೆ ಆನ್‌ಲೈನ್ ಸಭೆಗೆ ಒಪ್ಪಿಗೆ ಸಿಗಲಿಲ್ಲ, ಗೋಪ್ಯತೆಯ ನೆಪ. ಒಂದನೇ ತರಗತಿಯ ಮಕ್ಕಳು ಅಪ್ಪನ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಕಾಲ ಅದು! ಜನ್ ಧನ್ ಖಾತೆಯ ಮಹಿಳೆಯರಿಗೆ ಮೂರು ತಿಂಗಳು ತಲಾ 500 ರೂಪಾಯಿ ಎಂದು ಹಣಕಾಸು ಸಚಿವರು ಘೋಷಿಸಿದಾಗ, ಇದು ಸಾಲದು ಸ್ವಾಮಿ ಎನ್ನಲು ಸದನದಲ್ಲಿ ನೀವ್ಯಾರೂ ಇರಲಿಲ್ಲ. ಇರಲು ಜಾಗವೇ ಇರಲಿಲ್ಲ.

ನ್ಯೂಜಿಲೆಂಡಿನಲ್ಲಿ ಸಂಸತ್ತು ಮುಂದೂಡುವ ಮೊದಲು ಒಂದು ವಿಶೇಷ ಸಮಿತಿ ಮಾಡಿದರು. ಅದರ ಅಧ್ಯಕ್ಷತೆಯನ್ನು ವಿರೋಧ ಪಕ್ಷದ ನಾಯಕ ಸೈಮನ್ ಬ್ರಿಡ್ಜಸ್ ಅವರಿಗೇ ಕೊಟ್ಟರು, ಸಮಿತಿಯಲ್ಲಿ ಬಹುಮತವೂ ವಿರೋಧ ಪಕ್ಷಗಳದ್ದೇ. ಮಂತ್ರಿ, ಆರೋಗ್ಯ ಮಹಾನಿರ್ದೇಶಕರು, ಪೊಲೀಸ್ ಮುಖ್ಯಸ್ಥರು ವೀಡಿಯೋದಲ್ಲಿ ಬಂದು ಉತ್ತರ ಕೊಟ್ಟರು, ಜನ ಮನೆಯಲ್ಲಿ ಕೂತು ನೋಡಿದರು. ಆಗಸ್ಟ್‌ನಲ್ಲಿ ಅಲ್ಲಿನ ಹೈಕೋರ್ಟ್, ಲಾಕ್‌ಡೌನಿನ ಮೊದಲ ಒಂಬತ್ತು ದಿನ ಮನೆಯಲ್ಲೇ ಇರಿ ಎಂದದ್ದು ಅಗತ್ಯವಾಗಿತ್ತು ಸರಿ, ಆದರೆ ಕಾನೂನಿನ ಬೆಂಬಲವಿರಲಿಲ್ಲ ಎಂದು ತೀರ್ಪು ಕೊಟ್ಟಿತು. ಯಾರ ತಲೆಯೂ ಉರುಳಲಿಲ್ಲ, ರೋಗವೂ ಹೆಚ್ಚಲಿಲ್ಲ. ಹಾಗಂತ ಅವರು ಎಲ್ಲದರಲ್ಲೂ ಸೈ ಎಂದಲ್ಲ. ವಿದೇಶದಲ್ಲಿದ್ದ ತಮ್ಮದೇ ಪ್ರಜೆಗಳು ಊರಿಗೆ ಬರಲು ಲಾಟರಿ ಎತ್ತಬೇಕಾದ ಸ್ಥಿತಿ ತಂದಿಟ್ಟರು. ಅದನ್ನೂ 2022ರಲ್ಲಿ ಹೈಕೋರ್ಟ್ ತಪ್ಪೆಂದಿತು.

ಸ್ವೀಡನ್ ಬಗ್ಗೆ ಎರಡು ಮಾತು, ಏಕೆಂದರೆ ವಾಟ್ಸ್ಆ್ಯಪಿನಲ್ಲಿ ಅದರ ಬಗ್ಗೆ ಬೇಕಾದಷ್ಟು ಕಥೆಗಳಿವೆ. ಲಾಕ್‌ಡೌನ್ ಮಾಡದೆ ಗೆದ್ದ ದೇಶ ಎಂದು ಕೆಲವರು, ಮುದುಕರನ್ನು ಸಾಯಲು ಬಿಟ್ಟ ದೇಶ ಎಂದು ಇನ್ನು ಕೆಲವರು. ಎರಡರಲ್ಲೂ ಒಂದಷ್ಟು ನಿಜವಿದೆ. 16ರೊಳಗಿನ ಮಕ್ಕಳ ಶಾಲೆ ತೆರೆದೇ ಇತ್ತು. ವೃದ್ಧಾಶ್ರಮಗಳಲ್ಲಿ ಮೊದಲ ಅಲೆಯಲ್ಲಿ ಸಾವುಗಳು ವಿಪರೀತವಾದವು, ನೆರೆಯ ನಾರ್ವೆ, ಫಿನ್ಲೆಂಡ್‌ಗಳಿಗಿಂತ ಎಷ್ಟೋ ಹೆಚ್ಚು. ನನಗೆ ಮುಖ್ಯವೆನಿಸಿದ್ದು ಬೇರೆ ಎರಡು ಸಂಗತಿ. ಕಾಯಿಲೆ ರಜೆ ಹಾಕಿದ ಮೊದಲ ದಿನದ ಸಂಬಳ ಕಡಿತವಾಗುವ ನಿಯಮ ಅಲ್ಲಿತ್ತು. 2020ರ ಮಾರ್ಚ್‌ನಲ್ಲೇ ಆ ಹೊರೆಯನ್ನು ಸರ್ಕಾರ ಹೊತ್ತುಕೊಂಡಿತು, ಕೆಮ್ಮುತ್ತಾ ಕೆಲಸಕ್ಕೆ ಬರುವ ಗತಿ ಯಾರಿಗೂ ಬಾರದಿರಲಿ ಎಂದು. ಇನ್ನೊಂದು, ರೋಗ ಇನ್ನೂ ಹಬ್ಬುತ್ತಿದ್ದಾಗಲೇ, ಅದೇ ವರ್ಷ ಜೂನ್‌ನಲ್ಲಿ, ತನ್ನ ಮೇಲೆ ತಾನೇ ತನಿಖಾ ಆಯೋಗ ನೇಮಿಸಿಕೊಂಡಿತು. ಡಿಸೆಂಬರಿಗೆ ಮೊದಲ ವರದಿ ಬಂತು: ಹಿರಿಯರ ಆರೈಕೆಯಲ್ಲಿ ಸೋತಿದ್ದೀರಿ. 2022ರ ಫೆಬ್ರವರಿಯ ಕೊನೆಯ ವರದಿ, ಲಾಕ್‌ಡೌನ್ ಮಾಡದೇ ಇದ್ದದ್ದು ಸರಿ, ಆದರೆ ಶುರುವಿನಲ್ಲಿ ಇನ್ನೂ ಬಿಗಿ ಕ್ರಮಗಳು ಬೇಕಿದ್ದವು ಎಂದಿತು.

ಜಪಾನಿನ ಕಾನೂನಿನಲ್ಲಿ ಜನರನ್ನು ಮನೆಯಲ್ಲಿ ಕೂಡಿಹಾಕುವ ಅಧಿಕಾರವೇ ಇರಲಿಲ್ಲ, ಸರ್ಕಾರ ವಿನಂತಿಸಬೇಕಿತ್ತು. ವಿನಂತಿಯ ಜೊತೆಗೆ ನಿವಾಸಿಗಳೆಲ್ಲರಿಗೂ ತಲಾ ಒಂದು ಲಕ್ಷ ಯೆನ್, ಮನೆಗೆರಡು ಬಟ್ಟೆ ಮಾಸ್ಕ್. ಮಾಸ್ಕ್ ನೋಡಿ ಜನ ನಕ್ಕರು, ದುಡ್ಡು ತಗೊಂಡರು. ದಕ್ಷಿಣ ಕೊರಿಯಾ 2015ರಲ್ಲಿ ಮರ್ಸ್ ರೋಗ ಬಂದು 186 ಜನರಿಗೆ ಸೋಂಕಾಗಿ 38 ಮಂದಿ ಸತ್ತಾಗಲೇ ಕಾನೂನು ತಿದ್ದಿಕೊಂಡಿತ್ತು. ಅದರಿಂದ 2020ರ ಫೆಬ್ರವರಿ 4ಕ್ಕೇ ಪರೀಕ್ಷಾ ಕಿಟ್‌ಗೆ ಅನುಮತಿ ಕೊಡಲು ಆಯಿತು, ದೇಶ ಮುಚ್ಚುವ ಪ್ರಮೇಯ ಬರಲಿಲ್ಲ. ಸೋಂಕಿತರ ಓಡಾಟವನ್ನೆಲ್ಲ ಮೊಬೈಲಿಗೆ ಕಳಿಸಿ ಅವರ ಖಾಸಗಿ ಬದುಕನ್ನು ಬೀದಿಗಿಟ್ಟದ್ದೂ ಅದೇ ಕಾನೂನು, ಅದನ್ನು ನಾವು ನಕಲು ಮಾಡಬೇಕಿಲ್ಲ. 38 ಸಾವಿಗೆ ಒಂದು ದೇಶ ಕಾನೂನು ಬದಲಿಸಿತು ಎಂಬುದನ್ನಷ್ಟೇ ನೆನಪಿಡಿ.

ನಾವು ಮಾಡಿದ ಒಳ್ಳೆಯದನ್ನು ಮುಚ್ಚಿಟ್ಟರೆ ಅನ್ಯಾಯ. ಸುಮಾರು 80 ಕೋಟಿ ಜನರಿಗೆ ತಿಂಗಳಿಗೆ ತಲಾ 5 ಕೆ.ಜಿ. ಧಾನ್ಯ ಪುಕ್ಕಟೆ ಬಂತು. ಅದಿಲ್ಲದಿದ್ದರೆ ನಮ್ಮ ಕಡೆ ಎಷ್ಟೋ ಒಲೆಗಳು ಉರಿಯುತ್ತಿರಲಿಲ್ಲ. ಆದರೆ ರೇಷನ್ ಕಾರ್ಡ್ ಊರಿನಲ್ಲಿ, ಮನುಷ್ಯ ಪುಣೆಯಲ್ಲಿ. ಕಾರ್ಡಿಲ್ಲದ ವಲಸೆಯವರಿಗೂ ಧಾನ್ಯ ಎಂದು ಘೋಷಿಸಿದ್ದು ಮೇ 14ಕ್ಕೆ, ಅಷ್ಟರಲ್ಲಿ ಅವರು ರಸ್ತೆಯಲ್ಲಿದ್ದರು. ಲಸಿಕೆಯಲ್ಲೂ ಹಾಗೇ. 2021ರ ಅಕ್ಟೋಬರ್ 21ಕ್ಕೆ ನೂರು ಕೋಟಿ ಡೋಸ್ ದಾಟಿದ್ದು ಸಣ್ಣ ಕೆಲಸವಲ್ಲ. ಆದರೆ ಎರಡನೇ ಅಲೆಯ ನಡುವೆ, ಮೇ 1ರಿಂದ, 18ರಿಂದ 44 ವಯಸ್ಸಿನವರಿಗೆ ಲಸಿಕೆಯನ್ನು ರಾಜ್ಯಗಳೇ ಕೊಳ್ಳಲಿ ಎಂದರು. ಕೇಂದ್ರಕ್ಕೆ 150 ರೂಪಾಯಿಗೆ ಸಿಗುತ್ತಿದ್ದ ಕೋವಿಶೀಲ್ಡ್‌ಗೆ ರಾಜ್ಯಗಳಿಗೆ 300. ಯುರೋಪಿನ 27 ದೇಶಗಳು ಒಟ್ಟಾಗಿ ಒಂದೇ ಖರೀದಿ ಮಾಡುತ್ತಿದ್ದಾಗ ಒಂದೇ ದೇಶದ ನಮ್ಮ ರಾಜ್ಯಗಳು ಒಬ್ಬರ ಮೇಲೊಬ್ಬರು ಟೆಂಡರ್ ಕರೆದವು. ಜೂನ್ 21ಕ್ಕೆ ಆ ನೀತಿ ವಾಪಸಾಯಿತು. ಮನೆಮನೆ ತಿರುಗಿ ಜ್ವರದವರನ್ನು ಪತ್ತೆಹಚ್ಚಿದ ಆಶಾ ಕಾರ್ಯಕರ್ತೆಯರಿಗೆ ಕೋವಿಡ್ ಕೆಲಸಕ್ಕೆ ಕೇಂದ್ರ ಕೊಟ್ಟದ್ದು ತಿಂಗಳಿಗೆ 1,000 ರೂಪಾಯಿ. 2020ರ ಜುಲೈನಲ್ಲಿ ಅವರು 12,000 ಗೌರವಧನ ಕೇಳಿ ಮುಷ್ಕರಕ್ಕೆ ಕೂತಾಗ ಕೈಯಲ್ಲಿ ಗ್ಲೌಸೂ ಇರಲಿಲ್ಲ.

ಇನ್ನು ಆಮ್ಲಜನಕ. 2021ರ ಜನವರಿಯಲ್ಲಿ ಬ್ರೆಜಿಲ್‌ನ ಮನೌಸ್ ನಗರದ ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿದು ರೋಗಿಗಳು ಉಸಿರು ಕಟ್ಟಿ ಸತ್ತರು. ಅದು ಇಡೀ ಜಗತ್ತು ನೋಡಿದ ಸುದ್ದಿ. ನಾಲ್ಕು ತಿಂಗಳ ನಂತರ, ಮೇ 2ರಿಂದ 3ರ ನಡುವೆ, ನಮ್ಮ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಸತ್ತರು. ಆಮ್ಲಜನಕದಿಂದ ಸತ್ತದ್ದು ಮೂವರೇ ಎಂದು ಮಂತ್ರಿಗಳು ಮೊದಲು ಹೇಳಿದರು. ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರದ ಪ್ರಕಾರ, ಆಮ್ಲಜನಕದ ಕೊರತೆಯಿಂದ ಯಾರಾದರೂ ಸತ್ತರೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಬ್ರೆಜಿಲ್‌ನಲ್ಲಿ ಸೆನೆಟ್ ತಿಂಗಳುಗಟ್ಟಲೆ ಬಹಿರಂಗ ವಿಚಾರಣೆ ನಡೆಸಿ, ಅಕ್ಟೋಬರ್‌ನಲ್ಲಿ ಅಧ್ಯಕ್ಷರ ಮೇಲೆಯೇ ಮೊಕದ್ದಮೆ ಹೂಡಿ ಎಂದು ಶಿಫಾರಸು ಮಾಡಿತು. ಬ್ರಿಟನ್ನಿನ ವಿಚಾರಣಾ ಆಯೋಗ, ದೇಶ ತಪ್ಪು ರೋಗಕ್ಕೆ, ಅಂದರೆ ಫ್ಲೂಗೆ, ತಯಾರಾಗಿ ಕೂತಿತ್ತು ಎಂದು 2024ರ ಜುಲೈನಲ್ಲಿ ವರದಿ ಕೊಟ್ಟಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನಿ, ಬಾಗಿಲನ್ನಾದರೂ ಹಾಕಿದರಲ್ಲ. ನ್ಯೂಜಿಲೆಂಡ್, ಸ್ವೀಡನ್, ಎಲ್ಲರ ಬಳಿಯೂ ಒಂದೊಂದು ವರದಿ ಇದೆ. ನಮ್ಮಲ್ಲಿ ಕೋವಿಡ್ ಖರೀದಿ ಅಕ್ರಮಗಳ ಬಗ್ಗೆ ರಾಜ್ಯ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗವಿದೆ. ಅದು ಖರೀದಿಯ ಮಾತಾಯಿತು. ಕೇಂದ್ರದ ನಿರ್ಧಾರಗಳ ಬಗ್ಗೆ ಅಂಥ ಸ್ವತಂತ್ರ ವಿಚಾರಣೆ ಇಲ್ಲ.

ಪಕ್ಷಭೇದವಿಲ್ಲದೆ ಬರೆಯುತ್ತಿದ್ದೇನೆ ಎಂದೆನಲ್ಲ, ಅದಕ್ಕೊಂದು ಕಾರಣವಿದೆ. 2021ರ ಏಪ್ರಿಲ್ 17ರಂದು ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಉಪಚುನಾವಣೆ ನಡೆಯಿತು. ಎರಡನೇ ಅಲೆ ಏರುತ್ತಿದ್ದ ಹೊತ್ತು. ಎಲ್ಲ ಪಕ್ಷಗಳ ನಾಯಕರೂ ಬಂದರು, ಎಲ್ಲರ ಮೆರವಣಿಗೆಗಳೂ ನಡೆದವು, ಎಲ್ಲರ ಮಾಸ್ಕೂ ಗಲ್ಲಕ್ಕಿಳಿದಿದ್ದವು. ಬ್ರಿಟನ್ನಿನಲ್ಲಿ ಲಾಕ್‌ಡೌನ್ ಸಮಯದ ಪಾರ್ಟಿಗೆ ಸ್ವತಃ ಪ್ರಧಾನಿ ಬೋರಿಸ್ ಜಾನ್ಸನ್ ಪೊಲೀಸರಿಗೆ ದಂಡ ಕಟ್ಟಿದರು. ನಮ್ಮಲ್ಲಿ ದಂಡ ಕಟ್ಟಿದ್ದು ಮಾಸ್ಕಿಲ್ಲದ ತರಕಾರಿಯವಳು.

ಇದಿಷ್ಟನ್ನು ಇಟ್ಟುಕೊಂಡು ಕೇಳುತ್ತೇನೆ. ಮಸೂದೆ ಬಂದಾಗ, ಯಾವ ಆದೇಶ ಜನರ ದುಡಿಮೆಯನ್ನು ನಿಲ್ಲಿಸುತ್ತದೋ ಆ ಆದೇಶದಲ್ಲೇ ದಿನಗೂಲಿಯ ಪರಿಹಾರ ಎಷ್ಟು, ಯಾವ ಖಾತೆಯಿಂದ, ಎಷ್ಟು ದಿನದೊಳಗೆ ಎಂದು ಬರೆದಿರಬೇಕು, ಇಲ್ಲದಿದ್ದರೆ ಆದೇಶ ಊರ್ಜಿತವಾಗಬಾರದು ಎಂಬ ಕಲಮು ಸೇರಿಸಿ. ಹಣ ಯಾರಿಗೆ ಕಳಿಸುವುದು ಗೊತ್ತಿಲ್ಲ ಎಂಬ ನೆಪ ಈಗ ಇಲ್ಲ. ಸುಪ್ರೀಂ ಕೋರ್ಟ್ ಒತ್ತಾಯಿಸಿದ ಮೇಲೆ 2021ರ ಆಗಸ್ಟ್‌ನಲ್ಲಿ ಶುರುವಾದ, ಅಸಂಘಟಿತ ಕಾರ್ಮಿಕರ ಹೆಸರು ನೋಂದಾಯಿಸುವ ಇ-ಶ್ರಮ್ ಪೋರ್ಟಲ್‌ನಲ್ಲಿ ಇಂದು 30 ಕೋಟಿಗೂ ಹೆಚ್ಚು ಹೆಸರುಗಳಿವೆ. ಒಂದು ಬೀದಿಯನ್ನೋ ವಾರ್ಡನ್ನೋ ಮುಚ್ಚಲು ತಕ್ಷಣದ ಆದೇಶ ಇರಲಿ, ರಾಜ್ಯವನ್ನೋ ದೇಶವನ್ನೋ ಮುಚ್ಚುವುದಾದರೆ 48 ಗಂಟೆ ಮೊದಲು ತಿಳಿಸಬೇಕು, ಆ ಅವಧಿಯಲ್ಲಿ ಹೆಚ್ಚುವರಿ ರೈಲು ಬಸ್ಸು ಓಡಿಸಬೇಕು. 48 ಗಂಟೆ ಕೊಟ್ಟರೆ ಸೋಂಕು ಊರುಗಳಿಗೆ ಹಬ್ಬುತ್ತದೆ ಎಂದು ತಜ್ಞರು ಹೇಳುತ್ತಾರೆ, ಆ ವಾದದಲ್ಲಿ ತೂಕವಿದೆ. ಆದರೆ ಮಾರ್ಚ್‌ನಲ್ಲಿ ಸೋಂಕಿಲ್ಲದೆ ಹೋಗಬಹುದಾಗಿದ್ದವರನ್ನು ತಡೆದು, ಮೇ ತಿಂಗಳಲ್ಲಿ ನಗರಗಳಲ್ಲಿ ಸೋಂಕು ಏರಿದ ಮೇಲೆ ಕಳಿಸಿದೆವು. ನಮ್ಮ ಶಾಲೆಗೆ ಪಾಸಿಟಿವ್ ಬಂದದ್ದು ಆಗಲೇ.

ಆದೇಶ 30 ದಿನ ದಾಟಬೇಕಾದರೆ ಸಂಸತ್ತಿನ ಒಪ್ಪಿಗೆ ಬೇಕು, ಸಂಸತ್ತು ಸೇರಲಾಗದಿದ್ದರೆ ವಿರೋಧ ಪಕ್ಷದವರು ಅಧ್ಯಕ್ಷರಾಗಿರುವ ಸಮಿತಿ ಪ್ರತಿವಾರ ಆನ್‌ಲೈನಿನಲ್ಲಿ ಕೂರಬೇಕು, ಜನರಿಗೆ ಕಾಣುವಂತೆ. ಇಂದು ವಿರೋಧ ಪಕ್ಷದಲ್ಲಿರುವವರು ಇದಕ್ಕೆ ಒಪ್ಪುತ್ತೀರಿ, ನಾಳೆ ಗೆದ್ದ ಮೇಲೂ ಒಪ್ಪಬೇಕು. ಮರಣ ನೋಂದಣಿಯ ಅಂಕಿಗಳು ತಿಂಗಳು ತಿಂಗಳಿಗೆ, ಜಿಲ್ಲಾವಾರು ಪ್ರಕಟವಾಗಬೇಕು. ಮತ್ತು 2020-21ರ ಬಗ್ಗೆ ಹಳೆಯ ಬಾಕಿ ಇದೆ, ಅದಕ್ಕೊಂದು ಸ್ವತಂತ್ರ ವಿಚಾರಣಾ ಆಯೋಗ.

ಸದ್ಯಕ್ಕೆ ನಿಮ್ಮಿಂದ ಒಂದೇ ಕೆಲಸ ಸಾಕು. ಮುಂದಿನ ಅಧಿವೇಶನದಲ್ಲಿ ನಿಮ್ಮ ಪೈಕಿ ಯಾರಾದರೂ ಒಬ್ಬರು ಆರೋಗ್ಯ ಸಚಿವರಿಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳಿ: ನೀತಿ ಆಯೋಗದ ತಜ್ಞರು 2024ರಲ್ಲಿ ಶಿಫಾರಸು ಮಾಡಿದ ಕಾಯ್ದೆಯ ಕರಡು ಯಾವ ಹಂತದಲ್ಲಿದೆ, ಅದರಲ್ಲಿ ಕೂಲಿ ಪರಿಹಾರಕ್ಕೆ ಅವಕಾಶ ಇದೆಯೇ? ಚುಕ್ಕೆ ಗುರುತಿನದ್ದೇ ಇರಲಿ, ಇಲ್ಲದಿದ್ದರೆ ಲಿಖಿತ ಉತ್ತರ ಕೊಟ್ಟು ಮುಗಿಸುತ್ತಾರೆ, ಮರುಪ್ರಶ್ನೆಗೆ ಜಾಗವಿರುವುದಿಲ್ಲ. ಉತ್ತರ ಬಂದ ಮೇಲೆ ಅದರ ಕನ್ನಡ ಪ್ರತಿಯನ್ನು ನಿಮ್ಮ ಕ್ಷೇತ್ರದ ಗ್ರಾಮ ಪಂಚಾಯಿತಿಗಳಿಗೆ ಕಳಿಸಿ. ನಮ್ಮಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ಜನ ಗುಳೆ ಹೊರಡುತ್ತಾರೆ, ಅದಕ್ಕೆ ಮೊದಲು ತಲುಪಿದರೆ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯೋಪಾಧ್ಯಾಯ,
ರಾಯಚೂರು ಜಿಲ್ಲೆ